ಕ್ಷಾರ ಲೋಹಗಳ ಕ್ರಿಯಾಶೀಲತೆ: ಒಂದು ಗುಂಪು, ಹಲವು ಕ್ರಮ

ಆವರ್ತ ಕೋಷ್ಟಕದ ಮೊದಲನೆಯ ಕಂಬಸಾಲಿನಲ್ಲಿ ಹೈಡ್ರೋಜನ್ನಿನ ಕೆಳಗೆ ನಿಂತಿರುವ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಮತ್ತು ಫ್ರಾನ್ಸಿಯಂ ಎಂಬ ಆರು ಧಾತುಗಳು ಕ್ಷಾರ ಲೋಹಗಳೆನಿಸಿಕೊಳ್ಳುತ್ತವೆ. ನೀರಿನೊಡನೆ ವರ್ತಿಸಿ ಪ್ರಬಲವಾದ ಕ್ಷಾರವನ್ನು ಕೊಡುವುದು ಇವುಗಳ ಸಮಾನ ಲಕ್ಷಣ. ಈ ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಂತೆ ಕ್ರಿಯಾಶೀಲತೆ ಹೆಚ್ಚುತ್ತ ಹೋಗುತ್ತದೆ ಎಂಬ ವಾಕ್ಯವನ್ನು ಪ್ರೌಢಶಾಲೆಯ ಪುಸ್ತಕದಿಂದ ಹಿಡಿದು ಪದವಿಯ ಗ್ರಂಥಗಳವರೆಗೆ ಎಲ್ಲೆಡೆ ಕಾಣಬಹುದು. ವಾಕ್ಯ ಸುಳ್ಳಲ್ಲ, ಆದರೆ ತಾನು ಯಾವ ಪ್ರಶ್ನೆಗೆ ಉತ್ತರವಾಗಿದ್ದೇನೆ ಎಂಬುದನ್ನು ಅದು ಹೇಳುವುದಿಲ್ಲ. ಲೋಹದ ಚೂರು ನೀರಿಗೆ ಬಿದ್ದಾಗ ಎಷ್ಟು ಬೇಗ ಉರಿಯುತ್ತದೆ ಎಂಬುದು ಒಂದು ಪ್ರಶ್ನೆ, ಉರಿದು ಮುಗಿಯುವಷ್ಟರಲ್ಲಿ ಒಟ್ಟು ಎಷ್ಟು ಶಾಖ ಹೊರಬರುತ್ತದೆ ಎಂಬುದು ಇನ್ನೊಂದು, ಬ್ಯಾಟರಿಯ ತುದಿಯಲ್ಲಿ ಎಷ್ಟು ವೋಲ್ಟ್ ಸಿಗುತ್ತದೆ ಎಂಬುದು ಮತ್ತೊಂದು, ಗಾಳಿಯಲ್ಲಿಟ್ಟಾಗ ಯಾವ ಅನಿಲದೊಡನೆ ಕೂಡಿಕೊಳ್ಳುತ್ತದೆ ಎಂಬುದು ಮಗದೊಂದು. ಈ ಪ್ರಶ್ನೆಗಳಿಗೆ ಇದೇ ಲೋಹಗಳು ಬೇರೆಬೇರೆ ಕ್ರಮದಲ್ಲಿ ನಿಂತು ಉತ್ತರ ಕೊಡುತ್ತವೆ. ಕ್ರಿಯಾಶೀಲತೆ ಎಂಬುದು ಪರಮಾಣುವಿನೊಳಗೆ ಅಡಗಿ ಕುಳಿತ ಒಂಟಿ ಗುಣವಲ್ಲವೆಂದೂ, ಪರಮಾಣು, ಅದು ಹೊರಟುಬಂದ ಲೋಹದ ಗಟ್ಟಿ ಮತ್ತು ಅದು ಹೋಗಿ ಸೇರುವ ಪರಿಸರ ಈ ಮೂರರ ನಡುವೆ ತೀರ್ಮಾನವಾಗುವ ಸಂಗತಿಯೆಂದೂ ತೋರಿಸಿಕೊಡುವುದು ಈ ಉಪನ್ಯಾಸದ ಉದ್ದೇಶ.

ಈ ಲೋಹಗಳು ಎಷ್ಟು ಚುರುಕು ಎಂಬುದಕ್ಕೆ ಮೊದಲ ಪುರಾವೆ, ಅವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದದ್ದು. ಸೋಡಿಯಂ ಮತ್ತು ಪೊಟ್ಯಾಸಿಯಂಗಳೆರಡೂ ಭೂಮಿಯ ಹೊರಪದರದ ತೂಕದಲ್ಲಿ ತಲಾ ಶೇಕಡ 2ಕ್ಕಿಂತ ಹೆಚ್ಚಿನ ಪಾಲನ್ನು ಪಡೆದಿವೆ. ಒಂದು ಅಡುಗೆಯ ಉಪ್ಪಿನಲ್ಲಿಯೂ ಇನ್ನೊಂದು ಕಟ್ಟಿಗೆಯ ಬೂದಿಯಲ್ಲಿಯೂ ಮನುಷ್ಯನ ಕೈಗೆ ನಿತ್ಯ ತಾಗುತ್ತಲೇ ಬಂದಿವೆ. ಹಾಗಿದ್ದೂ ಚಿನ್ನ, ತಾಮ್ರ, ಕಬ್ಬಿಣಗಳ ಪರಿಚಯವಾಗಿ ಸಾವಿರಾರು ವರ್ಷ ಕಳೆದ ಮೇಲೂ ಇವನ್ನು ಲೋಹದ ರೂಪದಲ್ಲಿ ನೋಡಿದವರಿರಲಿಲ್ಲ, ಏಕೆಂದರೆ ನಿಸರ್ಗದಲ್ಲಿ ಇವು ಬಿಡಿಯಾಗಿ ಉಳಿಯುವುದೇ ಇಲ್ಲ. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಧಾತುಗಳ ಪಟ್ಟಿಯನ್ನು ಪ್ರಕಟಿಸಿದಾಗ ಸೋಡಿಯಂ, ಪೊಟ್ಯಾಸಿಯಂಗಳ ಕ್ಷಾರಗಳಾದ ಸೋಡ ಮತ್ತು ಪೊಟ್ಯಾಶ್‌ಗಳನ್ನು ಅದರಿಂದ ಹೊರಗಿಟ್ಟ. ಅವು ಸಂಯುಕ್ತಗಳಿರಬೇಕೆಂಬ ಅವನ ಗುಮಾನಿ ಸರಿಯಾಗಿತ್ತು, ಆದರೆ ಅವನ್ನು ಒಡೆಯುವ ಉಪಾಯ ಆಗಿನ್ನೂ ಸಿಕ್ಕಿರಲಿಲ್ಲ.

ಆ ಉಪಾಯ ವೋಲ್ಟಾ ಕಟ್ಟಿದ ವಿದ್ಯುತ್ಕೋಶದಿಂದ ಒದಗಿತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ 1807ರ ಅಕ್ಟೋಬರಿನಲ್ಲಿ ಪೊಟ್ಯಾಶನ್ನು ವಿದ್ಯುತ್ತಿನಿಂದ ವಿಭಜಿಸಲು ಹೊರಟಾಗ ಎರಡು ತೊಡಕುಗಳು ಎದುರಾಗಿದ್ದವು: ನೀರಿನಲ್ಲಿ ಕರಗಿಸಿದರೆ ನೀರೇ ಒಡೆದು ಹೈಡ್ರೋಜನ್ ಬರುತ್ತಿತ್ತು, ಪೂರ್ತಿ ಒಣಗಿಸಿದರೆ ವಿದ್ಯುತ್ತು ಹರಿಯುತ್ತಿರಲಿಲ್ಲ. ಗಾಳಿಯ ತೇವ ತಾಗಿ ಮೇಲ್ಮೈಯಷ್ಟೇ ಒದ್ದೆಯಾದ ಪೊಟ್ಯಾಶಿನ ಗಟ್ಟಿಯ ಮೂಲಕ ವಿದ್ಯುತ್ತನ್ನು ಹರಿಸಿದಾಗ ಅದು ಕರಗಿ, ಋಣ ತುದಿಯಲ್ಲಿ ಪಾದರಸದಂತೆ ಹೊಳೆಯುವ ಸಣ್ಣ ಗುಂಡುಗಳು ಮೂಡಿದವು. ಕೆಲವು ಮೂಡಿದ ಕ್ಷಣದಲ್ಲೇ ಹೊತ್ತಿ ಉರಿದುಹೋದವು. ಅದು ಪೊಟ್ಯಾಸಿಯಂ. ಕೆಲವೇ ದಿನಗಳ ಅಂತರದಲ್ಲಿ ಸೋಡಿಯಂ ಕೂಡ ಹೊರಬಂತು. ಆ ವರ್ಷದ ನವೆಂಬರ್ 19ರಂದು ಡೇವಿ ಈ ಶೋಧವನ್ನು ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ ಮಂಡಿಸಿದ; ಹೆನ್ರಿ ಬೇಕರ್ ಎಂಬಾತ ಬಿಟ್ಟುಹೋದ 100 ಪೌಂಡಿನ ಗಂಟಿನಿಂದ ನಡೆದು ಬಂದದ್ದು ಆ ಉಪನ್ಯಾಸವಾದ್ದರಿಂದ, ಕ್ಷಾರ ಲೋಹಗಳು ಲೋಕಕ್ಕೆ ಪರಿಚಯವಾದದ್ದೇ ಒಂದು ದತ್ತಿ ಉಪನ್ಯಾಸದಲ್ಲಿ ಎನ್ನಲು ಅಡ್ಡಿಯಿಲ್ಲ. ನೀರಿನ ಮೇಲೆ ತೇಲುವಷ್ಟು ಹಗುರಾದ ವಸ್ತುವನ್ನು ಲೋಹವೆನ್ನಬಹುದೇ ಎಂಬ ಅನುಮಾನ ಅಂದಿನ ವಿದ್ವಾಂಸರಲ್ಲಿತ್ತು. ಹೊಳಪು, ಮೆದುತನ, ವಿದ್ಯುತ್ತನ್ನೂ ಶಾಖವನ್ನೂ ಒಯ್ಯುವ ಗುಣ ಇವುಗಳನ್ನು ಮುಂದಿಟ್ಟು ಡೇವಿ ಅವನ್ನು ಲೋಹಗಳ ಪಂಕ್ತಿಗೇ ಸೇರಿಸಿದ.

ಉಳಿದವುಗಳ ಶೋಧ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ಟಾಕ್‌ಹೋಮಿನಲ್ಲಿ ಬರ್ಜೀಲಿಯಸ್‌ನ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಆರ್ಫ್‌ವೆಡ್‌ಸನ್ 1817ರಲ್ಲಿ ಪೆಟಲೈಟ್ ಎಂಬ ಖನಿಜದಲ್ಲಿ ಲಿಥಿಯಂ ಇರುವುದನ್ನು ಕಂಡುಕೊಂಡ. ಹೈಡೆಲ್‌ಬರ್ಗಿನ ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಬುಗ್ಗೆಯ ನೀರಿನ ಉಪ್ಪನ್ನು ಜ್ವಾಲೆಗೆ ಹಿಡಿದು ರೋಹಿತದರ್ಶಕದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ತೋರುವ ಉಪಕರಣದಲ್ಲಿ, ಅದುವರೆಗೆ ಯಾರೂ ಕಂಡಿರದ ನೀಲಿ ಗೆರೆಗಳನ್ನು ಗುರುತಿಸಿ ಸೀಸಿಯಂ ಅನ್ನು ಪತ್ತೆಮಾಡಿದರು. ಮರುವರ್ಷ ಕಡುಗೆಂಪು ಗೆರೆಗಳಿಂದ ರುಬಿಡಿಯಂ ಸಿಕ್ಕಿತು. ಗೆರೆಯಾಗಿ ಕಂಡ ಸೀಸಿಯಂ ಲೋಹವಾಗಿ ಕೈಗೆ ಬಂದದ್ದು 1882ರಲ್ಲಿ, ಸೆಟರ್‌ಬರ್ಗ್ ಅದರ ಸಯನೈಡನ್ನು ಕರಗಿಸಿ ವಿದ್ಯುತ್ತಿನಿಂದ ವಿಭಜಿಸಿದಾಗ.

ಇವೆಲ್ಲ ಒಂದೇ ಮನೆತನದವು ಎಂಬ ಅರಿವು ಆವರ್ತ ಕೋಷ್ಟಕಕ್ಕಿಂತ ಹಳೆಯದು. ಜರ್ಮನಿಯ ಡೊಬರೈನರ್ 1829ರಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳನ್ನು ಒಂದು ತ್ರಿಕವಾಗಿ ಜೋಡಿಸಿ, ನಡುವಿನದರ ಪರಮಾಣು ತೂಕ 23 ಎಂಬುದು ಅತ್ತಿತ್ತಲಿನ 7 ಮತ್ತು 39ರ ಸರಾಸರಿಯೇ ಆಗಿರುವುದನ್ನು ತೋರಿಸಿಕೊಟ್ಟಿದ್ದ. 1869ರಲ್ಲಿ ಮೆಂಡಲೀಫ್ ಕೋಷ್ಟಕವನ್ನು ರಚಿಸಿದಾಗ ಈ ಗುಂಪಿನ ಸ್ಥಾನದ ಬಗ್ಗೆ ಅಷ್ಟಾಗಿ ತಕರಾರು ಇರಲಿಲ್ಲ. ಇವು ಹೀಗೇಕೆ ವರ್ತಿಸುತ್ತವೆ ಎಂಬುದಕ್ಕೆ ಉತ್ತರ ಸಿಗಲು ಮಾತ್ರ ಪರಮಾಣುವಿನ ಒಳರಚನೆ ತಿಳಿಯಬೇಕಾಯಿತು.

ಪರಮಾಣುವಿನ ನಡುವೆ ಧನ ವಿದ್ಯುದಂಶವುಳ್ಳ ಬೀಜಕೇಂದ್ರವಿದ್ದು, ಅದರ ಸುತ್ತ ಎಲೆಕ್ಟ್ರಾನುಗಳು ಕವಚಗಳಲ್ಲಿ ಹಂಚಿಕೊಂಡಿರುತ್ತವೆ. ಲಿಥಿಯಂನಲ್ಲಿ ಈ ಹಂಚಿಕೆ 2, 1. ಸೋಡಿಯಂನಲ್ಲಿ 2, 8, 1. ಪೊಟ್ಯಾಸಿಯಂನಲ್ಲಿ 2, 8, 8, 1. ಸೀಸಿಯಂವರೆಗೆ ಹೋದರೂ ಕೊನೆಯ ಕವಚದಲ್ಲಿ ಉಳಿಯುವುದು ಒಂದೇ ಎಲೆಕ್ಟ್ರಾನು. ಅದನ್ನು ಬಿಟ್ಟುಕೊಟ್ಟರೆ ಪರಮಾಣು ತನ್ನ ಹಿಂದಿನ ಜಡಾನಿಲದ ಸ್ಥಿರ ವಿನ್ಯಾಸಕ್ಕೆ ತಲಪಿ, ಒಂದು ಧನ ಅಂಶವುಳ್ಳ ಅಯಾನು ಆಗುತ್ತದೆ. ಹಾಗೆಂದು ಎಲೆಕ್ಟ್ರಾನು ತಾನಾಗಿ ಕಳಚಿ ಬೀಳುತ್ತದೆ ಎಂದು ತಿಳಿಯಬಾರದು. ಬಿಡಿ ಪರಮಾಣುವಿನಿಂದ ಅದನ್ನು ಕಿತ್ತು ದೂರ ಒಯ್ಯಲು ಬೇಕಾಗುವ ಶಕ್ತಿಗೆ ಅಯಾನೀಕರಣ ಶಕ್ತಿ ಎಂದು ಹೆಸರು. ಅದು ಪ್ರತಿ ಮೋಲಿಗೆ ಲಿಥಿಯಂನಲ್ಲಿ 520, ಸೋಡಿಯಂನಲ್ಲಿ 496, ಪೊಟ್ಯಾಸಿಯಂನಲ್ಲಿ 419, ರುಬಿಡಿಯಂನಲ್ಲಿ 403, ಸೀಸಿಯಂನಲ್ಲಿ 376 ಕಿಲೋಜೂಲ್. ಈ ಗುಂಪಿನ ಧಾತುಗಳು ಎಲೆಕ್ಟ್ರಾನನ್ನು ಕೊಟ್ಟುಬಿಡಲು ಹಾತೊರೆಯುತ್ತವೆ ಎಂಬ ಪಠ್ಯಪುಸ್ತಕದ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ: ಪ್ರತಿಯೊಂದಕ್ಕೂ ಶಕ್ತಿ ಸುರಿದೇ ಎಲೆಕ್ಟ್ರಾನನ್ನು ಕೀಳಬೇಕು, ಬೇರೆ ಬಹುತೇಕ ಲೋಹಗಳಿಗೆ ಸುರಿಯುವುದಕ್ಕಿಂತ ಕಡಿಮೆ ಸುರಿದರೆ ಸಾಕು ಎನ್ನುವುದಷ್ಟೇ ವಿಶೇಷ. ಎರಡನೆಯ ಎಲೆಕ್ಟ್ರಾನಿನ ಕಥೆಯಂತೂ ಬೇರೆಯೇ. ಸೋಡಿಯಂನಿಂದ ಅದನ್ನು ತೆಗೆಯಲು 4562 ಕಿಲೋಜೂಲ್ ಬೇಕಾಗುವುದರಿಂದ ಈ ಗುಂಪಿನವು ಒಂದು ಎಲೆಕ್ಟ್ರಾನಿಗೇ ಕೈತೊಳೆದುಕೊಳ್ಳುತ್ತವೆ.

ಕೆಳಗಿಳಿದಂತೆ ಬೀಜಕೇಂದ್ರದ ವಿದ್ಯುದಂಶ 3ರಿಂದ 55ಕ್ಕೆ ಏರುವಾಗ ಹೊರಗಿನ ಎಲೆಕ್ಟ್ರಾನಿನ ಮೇಲಿನ ಹಿಡಿತ ಸಡಿಲಾಗುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಒಳಕವಚಗಳ ಎಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತಕ್ಕೆ ಅಡ್ಡ ಬಂದು ಅದನ್ನು ಬಹುಮಟ್ಟಿಗೆ ರದ್ದುಮಾಡುತ್ತವೆ. ಇದಕ್ಕೆ ಮರೆ ಪರಿಣಾಮ ಎನ್ನುತ್ತಾರೆ. ಅಮೆರಿಕದ ಭೌತವಿಜ್ಞಾನಿ ಸ್ಲೇಟರ್ 1930ರಲ್ಲಿ ಕೊಟ್ಟ ನಿಯಮಗಳಂತೆ ಲೆಕ್ಕಹಾಕಿದರೆ ಸೋಡಿಯಂನಿಂದ ಸೀಸಿಯಂವರೆಗೆ ಹೊರ ಎಲೆಕ್ಟ್ರಾನಿಗೆ ತಟ್ಟುವ ಪರಿಣಾಮಕಾರಿ ವಿದ್ಯುದಂಶ ಸುಮಾರು 2.2ರಲ್ಲೇ ನಿಲ್ಲುತ್ತದೆ. ಸೆಳೆಯುವ ಅಂಶ ಹೆಚ್ಚುಕಡಿಮೆ ಅಷ್ಟೇ ಇದ್ದು ದೂರ ಮಾತ್ರ ಬೆಳೆಯುತ್ತ ಹೋದರೆ ಹಿಡಿತ ತಗ್ಗಲೇಬೇಕು: ಲೋಹದಲ್ಲಿ ಪರಮಾಣುವಿನ ತ್ರಿಜ್ಯ ಲಿಥಿಯಂಗೆ 152 ಪಿಕೋಮೀಟರ್, ಸೋಡಿಯಂಗೆ 186, ಪೊಟ್ಯಾಸಿಯಂಗೆ 227, ರುಬಿಡಿಯಂಗೆ 248, ಸೀಸಿಯಂಗೆ 265, ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಹಿಡಿತದ ಈ ಇಳಿಕೆ ಸಮನಾದ ಮೆಟ್ಟಿಲುಗಳಲ್ಲಿ ನಡೆಯುವುದಿಲ್ಲ ಎಂಬುದೂ ಗಮನಿಸಬೇಕಾದದ್ದು. ಸೋಡಿಯಂನಿಂದ ಪೊಟ್ಯಾಸಿಯಂಗೆ ಅಯಾನೀಕರಣ ಶಕ್ತಿ 77 ಕಿಲೋಜೂಲಿನಷ್ಟು ಕುಸಿದರೆ, ಪೊಟ್ಯಾಸಿಯಂನಿಂದ ರುಬಿಡಿಯಂಗೆ ಬರಿಯ 16 ಕಿಲೋಜೂಲ್ ಇಳಿಯುತ್ತದೆ. ಈ ನಡುವೆ ಕೋಷ್ಟಕದಲ್ಲಿ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಹತ್ತು ಧಾತುಗಳು ಬಂದು ಹೋಗಿದ್ದು, ಅವುಗಳಲ್ಲಿ ತುಂಬಿಕೊಂಡ ಹತ್ತು ಎಲೆಕ್ಟ್ರಾನುಗಳು ಒಳ್ಳೆಯ ಮರೆ ಒದಗಿಸದಿರುವುದು ಅದಕ್ಕೆ ಕಾರಣ. ಸ್ಲೇಟರ್‌ನ ಸರಳ ನಿಯಮಕ್ಕೆ ಈ ಸೂಕ್ಷ್ಮ ಸಿಕ್ಕುವುದಿಲ್ಲ.

ಇಲ್ಲಿಯವರೆಗಿನದು ಬಿಡಿ ಪರಮಾಣುವಿನ ವಿಚಾರ. ಪ್ರಯೋಗಾಲಯದಲ್ಲಿ ಕೈಗೆ ಸಿಗುವುದು ಬಿಡಿ ಪರಮಾಣುವಲ್ಲ, ಲೋಹದ ಗಟ್ಟಿ. ಗಟ್ಟಿಯಲ್ಲಿ ಪ್ರತಿ ಪರಮಾಣುವೂ ತನ್ನ ಹೊರ ಎಲೆಕ್ಟ್ರಾನನ್ನು ಸಮುದಾಯಕ್ಕೆ ಒಪ್ಪಿಸಿರುತ್ತದೆ, ಹಾಗೆ ಒಟ್ಟುಗೂಡಿದ ಎಲೆಕ್ಟ್ರಾನುಗಳೇ ಎಲ್ಲವನ್ನೂ ಬಂಧಿಸಿಡುತ್ತವೆ. ತಲೆಗೊಂದೇ ಎಲೆಕ್ಟ್ರಾನು ಇರುವುದರಿಂದ ಬಂಧ ಮೊದಲೇ ದುರ್ಬಲ, ಪರಮಾಣು ಹಿಗ್ಗಿದಂತೆ ಇನ್ನೂ ದುರ್ಬಲ. ಆದ್ದರಿಂದಲೇ ಇವು ಚಾಕುವಿಗೆ ತುಂಡಾಗುವಷ್ಟು ಮೆದು, ಕರಗುವ ಉಷ್ಣತೆಯೂ ಕೆಳಕ್ಕಿಳಿದಂತೆ ತಗ್ಗುತ್ತದೆ: ಲಿಥಿಯಂಗೆ ಸುಮಾರು 180 ಡಿಗ್ರಿ ಸೆಲ್ಸಿಯಸ್, ಸೋಡಿಯಂಗೆ 98, ಪೊಟ್ಯಾಸಿಯಂಗೆ 63, ರುಬಿಡಿಯಂಗೆ 39, ಸೀಸಿಯಂಗೆ 28.5. ಸೀಸಿಯಂ ಕಲಬುರಗಿಯ ಬೇಸಗೆಯಲ್ಲಿ ಸೀಸೆಯೊಳಗೆ ದ್ರವವಾಗಿಯೇ ಇದ್ದೀತು.

ನೀರಿನ ಮೇಲಿನ ಪ್ರದರ್ಶನ ಎಲ್ಲರಿಗೂ ಗೊತ್ತಿರುವಂಥದು. ಲಿಥಿಯಂ ತೇಲುತ್ತ ಗುಳ್ಳೆಗಳನ್ನೆಬ್ಬಿಸುತ್ತ ನಿಧಾನವಾಗಿ ಕರಗುತ್ತದೆ. ಸೋಡಿಯಂ ಕರಗಿ ಗುಂಡಾಗಿ ಸೀಟಿಯಂಥ ಸದ್ದಿನೊಡನೆ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ತಕ್ಷಣ ಹೊತ್ತಿಕೊಂಡು ತಿಳಿ ನೇರಳೆ ಜ್ವಾಲೆ ಬಿಡುತ್ತದೆ. ನೀರಿಗಿಂತ ಸಾಂದ್ರವಾದ ರುಬಿಡಿಯಂ ಮತ್ತು ಸೀಸಿಯಂ ಮುಳುಗಿ ಒಳಗಿನಿಂದಲೇ ಸಿಡಿದು ಗಾಜಿನ ಪಾತ್ರೆಯನ್ನು ಒಡೆಯಬಲ್ಲವು. ಇದನ್ನು ನೋಡಿದ ಯಾರಿಗೇ ಆದರೂ ಸೀಸಿಯಂ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬಿಡುಗಡೆ ಮಾಡುತ್ತಿದೆ ಎನ್ನಿಸುವುದು ಸಹಜ. ಅಳೆದು ನೋಡಿದಾಗ ಬರುವ ಅಂಕಿಗಳು ಬೇರೆ ಮಾತನಾಡುತ್ತವೆ. ಒಂದು ಮೋಲ್ ಲೋಹ ನೀರಿನೊಡನೆ ಪೂರ್ತಿ ವರ್ತಿಸಿದಾಗ ಹೊರಬರುವ ಶಾಖ ಲಿಥಿಯಂಗೆ 222 ಕಿಲೋಜೂಲ್, ಸೋಡಿಯಂಗೆ 184, ಪೊಟ್ಯಾಸಿಯಂಗೆ 196, ರುಬಿಡಿಯಂಗೆ 195, ಸೀಸಿಯಂಗೆ 203. ಎಲ್ಲಕ್ಕಿಂತ ಸೌಮ್ಯವಾಗಿ ಕಂಡ ಲಿಥಿಯಂನದೇ ಮೊದಲ ಸ್ಥಾನ. ಗ್ರಾಮಿನ ಲೆಕ್ಕಕ್ಕೆ ಬಂದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಒಂದು ಗ್ರಾಂ ಲಿಥಿಯಂ ಸುಮಾರು 32 ಕಿಲೋಜೂಲ್ ಕೊಡುವಲ್ಲಿ ಒಂದು ಗ್ರಾಂ ಸೀಸಿಯಂ ಒಂದೂವರೆ ಕಿಲೋಜೂಲ್ ಮಾತ್ರ ಕೊಡುತ್ತದೆ.

ಈ ವೈಚಿತ್ರ್ಯವನ್ನು ಬಿಡಿಸಲು ಇಡೀ ಕ್ರಿಯೆಯನ್ನು ಅಂಗಡಿಯ ಖಾತೆಯಂತೆ ಜಮಾ ಮತ್ತು ಖರ್ಚುಗಳಾಗಿ ಬರೆದುಕೊಳ್ಳುವುದು ಅನುಕೂಲ. ಗಟ್ಟಿಯಿಂದ ಒಂದು ಪರಮಾಣುವನ್ನು ಬಿಡಿಸುವುದು ಮೊದಲ ಖರ್ಚು, ಅದರಿಂದ ಎಲೆಕ್ಟ್ರಾನನ್ನು ಕೀಳುವುದು ಎರಡನೆಯದು. ಉಳಿದ ಧನ ಅಯಾನಿನ ಸುತ್ತ ನೀರಿನ ಅಣುಗಳು ತಮ್ಮ ಋಣ ಭಾಗವನ್ನು ಮುಂದೆ ಮಾಡಿ ಮುತ್ತಿಕೊಂಡಾಗ ಶಕ್ತಿ ಹೊರಬರುತ್ತದೆ. ಜಲೀಕರಣ ಎನ್ನಿಸಿಕೊಳ್ಳುವ ಇದು ಜಮಾ. ಲಿಥಿಯಂನಲ್ಲಿ ಖರ್ಚುಗಳು 159 ಮತ್ತು 520, ಜಮಾ ಸುಮಾರು 520. ಸೋಡಿಯಂನಲ್ಲಿ ಖರ್ಚುಗಳು 107 ಮತ್ತು 496, ಜಮಾ 406. ಪೊಟ್ಯಾಸಿಯಂನಲ್ಲಿ 89 ಮತ್ತು 419, ಜಮಾ 322. ಕಳೆದು ನೋಡಿದರೆ ಲಿಥಿಯಂಗೆ 159, ಸೋಡಿಯಂಗೆ 197, ಪೊಟ್ಯಾಸಿಯಂಗೆ 186 ಕಿಲೋಜೂಲಿನ ಬಾಕಿ ಉಳಿಯುತ್ತದೆ; ಕಿತ್ತ ಎಲೆಕ್ಟ್ರಾನು ನೀರನ್ನು ಒಡೆದು ಹೈಡ್ರೋಜನ್ ಬಿಡುಗಡೆಯಾಗುವಾಗ ಬರುವ ಆದಾಯ ಎಲ್ಲಕ್ಕೂ ಸಮಾನವಾದ್ದರಿಂದ, ಬಾಕಿ ಕಡಿಮೆಯಿದ್ದ ಲಿಥಿಯಂಗೆ ಲಾಭ ಹೆಚ್ಚು. ಅತ್ಯಂತ ಸಣ್ಣ ಅಯಾನು ಲಿಥಿಯಂನದು. ವಿದ್ಯುದಂಶ ಅಷ್ಟೇ ಇದ್ದು ಗಾತ್ರ ಕಿರಿದಾದಾಗ ನೀರಿನ ಅಣುಗಳನ್ನು ಅದು ಹತ್ತಿರಕ್ಕೂ ಬಿಗಿಯಾಗಿಯೂ ಸೆಳೆದುಕೊಳ್ಳುತ್ತದೆ. ಎಲೆಕ್ಟ್ರಾನನ್ನು ಬಿಗಿಹಿಡಿಯುವಂತೆ ಮಾಡಿದ ಅದೇ ಕಿರಿತನ ನೀರಿನೊಳಗೆ ಹೋದಮೇಲೆ ಅನುಕೂಲಕ್ಕೆ ತಿರುಗುತ್ತದೆ.

ವಿದ್ಯುದ್ರಸಾಯನದ ಅಳತೆ ಇದನ್ನೇ ವೋಲ್ಟುಗಳಲ್ಲಿ ಹೇಳುತ್ತದೆ. ಲೋಹ ತನ್ನ ಅಯಾನಿನ ದ್ರಾವಣದಲ್ಲಿ ನಿಂತಾಗ ಎಲೆಕ್ಟ್ರಾನು ಬಿಟ್ಟುಕೊಡುವ ಒಲವನ್ನು ಸೂಚಿಸುವ ಪ್ರಮಾಣ ವಿದ್ಯುದ್ವಾರ ವಿಭವ ಹೆಚ್ಚು ಋಣವಾದಷ್ಟೂ ಒಲವು ಹೆಚ್ಚು. ಅದು ಲಿಥಿಯಂಗೆ −3.04, ಸೋಡಿಯಂಗೆ −2.71, ಪೊಟ್ಯಾಸಿಯಂಗೆ −2.93, ರುಬಿಡಿಯಂಗೆ −2.98, ಸೀಸಿಯಂಗೆ −3.03 ವೋಲ್ಟ್. ಕ್ರಿಯಾಶೀಲತೆ ಮೇಲಿನಿಂದ ಕೆಳಕ್ಕೆ ಹೆಚ್ಚುತ್ತದೆಂದು ಸೂಚಿಸುವ ಪಠ್ಯದ ಬಾಣ ಸೋಡಿಯಂನಿಂದ ಸೀಸಿಯಂವರೆಗೆ ಸರಿಯಾಗಿಯೇ ಸಾಗುತ್ತದೆ, ಆದರೆ ಬಾಣದ ಬುಡದಲ್ಲಿರಬೇಕಾದ ಲಿಥಿಯಂ ತುದಿಗೆ ಹೋಗಿ ಕುಳಿತಿದೆ. ಅನೇಕ ಪುಸ್ತಕಗಳು ಇದನ್ನು ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳುವುದು ಉಚಿತವಲ್ಲ, ಏಕೆಂದರೆ ಲೆಕ್ಕದ ಮೂರು ಬಾಬುಗಳನ್ನು ಒಟ್ಟಿಗೆ ಹಿಡಿದವರಿಗೆ ಇದರಲ್ಲಿ ಅಪವಾದವೇನೂ ಕಾಣುವುದಿಲ್ಲ.

ಹಾಗಾದರೆ ಲಿಥಿಯಂ ನೀರಿನ ಮೇಲೆ ನಿಧಾನವೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕೊನೆಯಲ್ಲಿ ಎಷ್ಟು ಲಾಭ ಎಂಬುದು ಒಂದು, ಅಲ್ಲಿಗೆ ತಲಪುವ ಮುನ್ನ ದಾಟಬೇಕಾದ ಏರು ಎಷ್ಟು ಎಂಬುದು ಮತ್ತೊಂದು. ಈ ಏರಿಗೆ ಸಕ್ರಿಯಣ ಶಕ್ತಿ ಎಂದು ಹೆಸರು, ಕ್ರಿಯೆಯ ವೇಗವನ್ನು ನಿರ್ಧರಿಸುವುದು ಅದೇ. ಪರಮಾಣುವನ್ನು ಬಿಡಿಸಿ ಎಲೆಕ್ಟ್ರಾನನ್ನು ಕೀಳುವ ಎರಡು ಖರ್ಚುಗಳ ಮೊತ್ತ ಈ ಏರಿನ ಒಂದು ಸ್ಥೂಲ ಸೂಚಿ: ಲಿಥಿಯಂಗೆ 679 ಇದ್ದದ್ದು ಸೋಡಿಯಂಗೆ 603, ಪೊಟ್ಯಾಸಿಯಂಗೆ 508, ಸೀಸಿಯಂಗೆ 452 ಎಂದು ಇಳಿಯುತ್ತ ಬರುತ್ತದೆ. ಇದರೊಡನೆ ಕರಗುವ ಉಷ್ಣತೆಯೂ ಕೈಜೋಡಿಸುತ್ತದೆ. 180 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುವ ಲಿಥಿಯಂಗೆ ನೀರು ತಾಗುವುದು ಹೊರಮೈಗೆ ಮಾತ್ರ, ಅಷ್ಟೇನೂ ಕರಗದ ಅದರ ಹೈಡ್ರಾಕ್ಸೈಡ್ ಆ ಹೊರಮೈಯನ್ನೂ ಸ್ವಲ್ಪ ಮುಚ್ಚುತ್ತದೆ. ಪೊಟ್ಯಾಸಿಯಂ ತನ್ನದೇ ಶಾಖಕ್ಕೆ ಕರಗಿ ಹೊಸ ಮೈಯನ್ನು ಸತತವಾಗಿ ನೀರಿಗೆ ಒಡ್ಡುತ್ತಿರುತ್ತದೆ. ಹೀಗೆ ಪ್ರದರ್ಶನದಲ್ಲಿ ಕಣ್ಣಿಗೆ ಕಾಣುವುದು ವೇಗ. ಪಠ್ಯದ ವಾಕ್ಯ ನಿಜಕ್ಕೂ ವಿವರಿಸುತ್ತಿರುವುದೂ ವೇಗವನ್ನೇ.

ಸಿಡಿತಕ್ಕೆ ಕಾರಣವೇನೆಂಬ ಬಗ್ಗೆಯೂ ಬಹುಕಾಲ ಒಂದು ವಿವರಣೆ ಚಲಾವಣೆಯಲ್ಲಿತ್ತು. ಶಾಖದಿಂದ ನೀರು ಆವಿಯಾಗುತ್ತದೆ, ಬಿಡುಗಡೆಯಾದ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಸ್ಫೋಟವಾಗುತ್ತದೆ ಎಂಬ ಈ ವಿವರಣೆಯಲ್ಲಿ ಒಂದು ತೊಡಕಿತ್ತು: ಹುಟ್ಟಿದ ಆವಿ ಮತ್ತು ಅನಿಲಗಳು ಲೋಹಕ್ಕೂ ನೀರಿಗೂ ನಡುವೆ ಪರದೆಯಾಗಿ ನಿಂತು ಕ್ರಿಯೆಯನ್ನು ತಡೆಯಬೇಕಾಗಿತ್ತು. ಪ್ರಾಗ್ ನಗರದ ಪಾವೆಲ್ ಯುಂಗ್‌ವಿರ್ಟ್, ಫಿಲಿಪ್ ಮೇಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಬಿಡಿಸಿತು. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಸೋಡಿಯಂ–ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ, ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದಾಗ, ಹನಿ ನೀರನ್ನು ಮುಟ್ಟಿ ಒಂದು ಮಿಲಿಸೆಕೆಂಡು ಕಳೆಯುವಷ್ಟರಲ್ಲೇ ಅದರ ಮೈಯಿಂದ ಮುಳ್ಳುಗಳು ಎಲ್ಲ ದಿಕ್ಕಿಗೂ ಚಿಮ್ಮಿದ್ದು ಕಂಡಿತು. ಕಂಪ್ಯೂಟರ್ ಲೆಕ್ಕಾಚಾರ ಕಾರಣವನ್ನು ತಿಳಿಸಿತು: ಮುಟ್ಟಿದ ಕ್ಷಣದಲ್ಲಿ ಮೇಲ್ಮೈಯ ಎಲೆಕ್ಟ್ರಾನುಗಳು ನೀರಿಗೆ ಧಾವಿಸುತ್ತವೆ, ಹಿಂದೆ ಉಳಿದ ಧನ ಅಯಾನುಗಳು ಒಂದನ್ನೊಂದು ತಳ್ಳುತ್ತವೆ, ತಳ್ಳಾಟ ಹನಿಯ ಮೇಲ್ಮೈ ಎಳೆತವನ್ನು ಮೀರಿದೊಡನೆ ಹನಿ ಚೂರಾಗಿ ಚೆದುರುತ್ತದೆ. ವಿದ್ಯುದಂಶ ಮಿತಿಮೀರಿದ ಹನಿ ಹೀಗೆ ಒಡೆಯಬೇಕೆಂದು ರೇಲೀ 1882ರಲ್ಲೇ ತೋರಿಸಿದ್ದ. ಚೂರಾದ ಲೋಹದ ಮೈ ವಿಸ್ತಾರವಾಗುವುದರಿಂದ ಕ್ರಿಯೆ ಭುಗಿಲೇಳುತ್ತದೆ. ಹೈಡ್ರೋಜನ್ ಉರಿಯುವುದು ಆಮೇಲಿನ ಮಾತು. ಡೇವಿ ಬೆರಗಿನಿಂದ ನೋಡಿದ ದೃಶ್ಯಕ್ಕೆ ಸಮಂಜಸ ವಿವರಣೆ ದೊರೆಯಲು 200 ವರ್ಷಗಳಿಗೂ ಮೇಲಾಯಿತು ಎಂಬುದು, ಶಾಲೆಯ ಪ್ರಯೋಗವೆಂದು ಹಗುರವಾಗಿ ಕಾಣುವ ವಿಷಯಗಳಲ್ಲಿ ಎಷ್ಟು ಕೆಲಸ ಬಾಕಿಯಿರಬಹುದೆಂಬುದನ್ನು ಸೂಚಿಸುತ್ತದೆ.

ಪ್ರಮಾಣ ದೊಡ್ಡದಾದಾಗ ಕಡಿಮೆ ಚುರುಕಿನ ಸೋಡಿಯಂ ಕೂಡ ಭೀಕರವಾಗಬಲ್ಲದು. ಯುದ್ಧಾನಂತರ ಹೆಚ್ಚಾಗಿ ಉಳಿದಿದ್ದ ಸುಮಾರು 9 ಟನ್ ಸೋಡಿಯಂ ಅನ್ನು ಅಮೆರಿಕದ ಸರಕಾರ 1947ರಲ್ಲಿ ವಾಷಿಂಗ್ಟನ್ ರಾಜ್ಯದ ಲೆನೋರ್ ಸರೋವರಕ್ಕೆ ಪೀಪಾಯಿಗಳಲ್ಲಿ ಉರುಳಿಸಿದಾಗ ಎದ್ದ ಸ್ಫೋಟಗಳ ಚಲನಚಿತ್ರ ಇಂದಿಗೂ ನೋಡಸಿಗುತ್ತದೆ. ಇಂದು ಯಾವ ದೇಶವೂ ಮಾಡಲೊಲ್ಲದ ಕೆಲಸ ಅದು.

ಗಾಳಿಯೊಡನೆ ಇವುಗಳ ವ್ಯವಹಾರ ಇನ್ನೊಂದು ಬಗೆಯ ಕ್ರಮವನ್ನು ತೋರಿಸುತ್ತದೆ. ಇಲ್ಲಿ ಹೆಚ್ಚು ಕಡಿಮೆ ಎನ್ನುವುದಕ್ಕಿಂತ ಹುಟ್ಟುವ ವಸ್ತುವೇ ಬೇರೆಯಾಗುತ್ತದೆ. ಲಿಥಿಯಂ ಉರಿದಾಗ ಸಾಮಾನ್ಯ ಆಕ್ಸೈಡ್ ಆಗುತ್ತದೆ, ಸೋಡಿಯಂ ಮುಖ್ಯವಾಗಿ ಪೆರಾಕ್ಸೈಡ್ ಆಗುತ್ತದೆ, ಪೊಟ್ಯಾಸಿಯಂ ಮತ್ತು ಅದರ ಕೆಳಗಿನವು ಸೂಪರಾಕ್ಸೈಡುಗಳಾಗುತ್ತವೆ. ಪೆರಾಕ್ಸೈಡಿನಲ್ಲಿಯೂ ಸೂಪರಾಕ್ಸೈಡಿನಲ್ಲಿಯೂ ಆಮ್ಲಜನಕದ ಎರಡು ಪರಮಾಣುಗಳು ಜೋಡಿಯಾಗಿಯೇ ಇದ್ದು, ಆ ಅಗಲವಾದ ಜೋಡಿ ಅಯಾನಿನ ಪಕ್ಕದಲ್ಲಿ ದೊಡ್ಡ ಲೋಹದ ಅಯಾನು ನೆಮ್ಮದಿಯಾಗಿ ಕೂರುತ್ತದೆ, ಸಣ್ಣ ಲಿಥಿಯಂ ಕೂರಲಾರದೆ ಅದನ್ನು ಒಡೆದುಬಿಡುತ್ತದೆ. ತೇವ ಮತ್ತು ಇಂಗಾಲದ ಡೈಆಕ್ಸೈಡ್ ತಾಗಿದಾಗ ಪೊಟ್ಯಾಸಿಯಂ ಸೂಪರಾಕ್ಸೈಡ್ ಆಮ್ಲಜನಕವನ್ನು ಬಿಡುವುದರಿಂದ, ಗಣಿಗಳಲ್ಲಿ ವಿಷಾನಿಲ ಕವಿದಾಗ ಕಾರ್ಮಿಕರು ತೊಡುವ ಉಸಿರಾಟದ ಸಾಧನಗಳಲ್ಲಿ ಅದನ್ನು ಬಳಸುತ್ತಾರೆ. ಉಸಿರುಬಿಟ್ಟ ಗಾಳಿಯೇ ಉಸಿರೆಳೆಯುವ ಗಾಳಿಯನ್ನು ಹುಟ್ಟಿಸಿಕೊಡುತ್ತದೆ. ಸೀಮೆಎಣ್ಣೆಯಲ್ಲಿಟ್ಟು ಮರೆತ ಹಳೆಯ ಪೊಟ್ಯಾಸಿಯಂ ತುಂಡಿನ ಮೇಲೆ ಇದೇ ಸೂಪರಾಕ್ಸೈಡ್ ಹಳದಿ ಪೊರೆಯಾಗಿ ಬೆಳೆದಿದ್ದರೆ, ಚಾಕುವಿನಿಂದ ಕೊಯ್ಯುವಾಗ ಅದು ಲೋಹಕ್ಕೂ ಎಣ್ಣೆಗೂ ಒತ್ತಿಕೊಂಡು ಸಿಡಿಯುವ ಅಪಾಯವಿದೆ ಎಂಬುದನ್ನು ಪ್ರಯೋಗಾಲಯಗಳು ನೆನಪಿಡಬೇಕು.

ಸಾರಜನಕದ ವಿಷಯದಲ್ಲಂತೂ ಪಠ್ಯದ ಬಾಣ ಪೂರ್ತಿ ತಲೆಕೆಳಗಾಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಸಾರಜನಕದೊಡನೆ ಕೂಡಿ ನೈಟ್ರೈಡ್ ಆಗುವುದು ಈ ಗುಂಪಿನಲ್ಲಿ ಲಿಥಿಯಂ ಒಂದೇ. ನೀರಿನಲ್ಲಿ ಸಿಡಿಯುವ ಸೀಸಿಯಂ ಸಾರಜನಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಲಿಥಿಯಂ ಲೋಹದೊಡನೆ ಕೆಲಸ ಮಾಡುವವರು ಸಾರಜನಕ ತುಂಬಿದ ಪೆಟ್ಟಿಗೆಯನ್ನು ನಂಬದೆ ಆರ್ಗಾನ್ ತುಂಬುತ್ತಾರೆ. ಈ ನಡತೆಯಲ್ಲಿ ಲಿಥಿಯಂ ತನ್ನ ಗುಂಪಿನವುಗಳಿಗಿಂತ ಕೋಷ್ಟಕದಲ್ಲಿ ಓರೆಯಾಗಿ ಕೆಳಗಿರುವ ಮೆಗ್ನೀಸಿಯಂ ಅನ್ನು ಹೆಚ್ಚು ಹೋಲುತ್ತದೆ. ಎರಡರ ಅಯಾನುಗಳ ಗಾತ್ರ ಹತ್ತಿರಹತ್ತಿರ ಇರುವುದು ಇದಕ್ಕೆ ಆಧಾರ.

ಕೈಗಾರಿಕೆಯಲ್ಲಿ ಪೊಟ್ಯಾಸಿಯಂ ಅನ್ನು ತಯಾರಿಸುವ ಕ್ರಮ ಕ್ರಿಯಾಶೀಲತೆಯ ಸರಣಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯನ್ನು ಗೊಂದಲಕ್ಕೆ ಕೆಡವುವಂಥದು. ಹೆಚ್ಚು ಕ್ರಿಯಾಶೀಲ ಲೋಹವೇ ಕಡಿಮೆ ಕ್ರಿಯಾಶೀಲ ಲೋಹವನ್ನು ಅದರ ಲವಣದಿಂದ ಹೊರದೂಡಬೇಕೆಂಬುದು ಸರಣಿಯ ನಿಯಮ. ಆದರೆ ಕಾರ್ಖಾನೆಯಲ್ಲಿ ಕರಗಿದ ಪೊಟ್ಯಾಸಿಯಂ ಕ್ಲೋರೈಡಿನ ಮೂಲಕ ಸುಮಾರು 850 ಡಿಗ್ರಿಯಲ್ಲಿ ಸೋಡಿಯಂ ಆವಿಯನ್ನು ಹಾಯಿಸಿ ಪೊಟ್ಯಾಸಿಯಂ ಅನ್ನು ಹೊರಡಿಸುತ್ತಾರೆ. ಸೋಡಿಯಂ 883 ಡಿಗ್ರಿಯಲ್ಲಿಯೂ ಪೊಟ್ಯಾಸಿಯಂ ಸುಮಾರು 760 ಡಿಗ್ರಿಯಲ್ಲಿಯೂ ಕುದಿಯುವುದರಿಂದ, ಹುಟ್ಟಿದ ಅಲ್ಪಸ್ವಲ್ಪ ಪೊಟ್ಯಾಸಿಯಂ ಮೊದಲು ಆವಿಯಾಗಿ ಜಾಗ ಖಾಲಿ ಮಾಡುತ್ತದೆ, ಸಮತೋಲ ಮತ್ತೆ ಆ ಕಡೆಗೇ ವಾಲುತ್ತದೆ. ಇಲ್ಲಿ ಗೆದ್ದದ್ದು ಸೋಡಿಯಂನ ಕ್ರಿಯಾಶೀಲತೆಯಲ್ಲ, ಪೊಟ್ಯಾಸಿಯಂ ಬೇಗ ಆವಿಯಾಗುವ ಗುಣ.

ಬಳಕೆಯ ಲೋಕವೂ ಈ ಹಲವು ಕ್ರಮಗಳನ್ನು ಬೇರ್ಪಡಿಸಿಯೇ ನೋಡುತ್ತದೆ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನು ಬ್ಯಾಟರಿಗೆ ಬೇಕಾದದ್ದು ಹೆಚ್ಚಿನ ವೋಲ್ಟ್ ಮತ್ತು ಕಡಿಮೆ ತೂಕ. ಎರಡರಲ್ಲೂ ಈ ಗುಂಪಿನ ತಲೆಯಲ್ಲಿರುವುದೇ ಮೇಲು. ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದ ಶಿಲೆಗಳಲ್ಲಿ ಸುಮಾರು 1600 ಟನ್ ಲಿಥಿಯಂ ಇರಬಹುದೆಂದು ಅಣು ಖನಿಜಗಳ ನಿರ್ದೇಶನಾಲಯ ಅಂದಾಜು ಮಾಡಿದ ಸುದ್ದಿ ಕರ್ನಾಟಕದಲ್ಲಿ ಕುತೂಹಲ ಕೆರಳಿಸಿದ್ದೂ ಈ ಕಾರಣಕ್ಕೇ. ಕಲ್ಪಾಕಂನಲ್ಲಿ 1985ರಲ್ಲಿ ಚಾಲನೆಗೊಂಡ ವೇಗದ ಪ್ರಜನಕ ಪರೀಕ್ಷಾ ರಿಯಾಕ್ಟರ್ ದ್ರವ ಸೋಡಿಯಂ ಅನ್ನು ಶಾಖವಾಹಕವಾಗಿ ಬಳಸುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು 98ರಿಂದ 883 ಡಿಗ್ರಿಯವರೆಗೆ ದ್ರವವಾಗಿರುವ ಅದರ ಗುಣ, ನೀರಿನ ಮೇಲಿನ ಅದರ ಕೋಪವನ್ನು ಮುಚ್ಚಿದ ಕೊಳವೆಗಳಲ್ಲಿ ಅಡಗಿಸಿಡಬೇಕಾಗುತ್ತದೆ. ಜಪಾನಿನ ಮೊಂಜು ರಿಯಾಕ್ಟರಿನಲ್ಲಿ 1995ರಲ್ಲಿ ಸೋಡಿಯಂ ಸೋರಿ ಬೆಂಕಿ ಬಿದ್ದದ್ದು ಆ ಅಡಗಿಸುವಿಕೆ ಎಷ್ಟು ಕಠಿಣವೆಂಬುದನ್ನು ತೋರಿಸಿತು. ಬೆಳಕು ಬಿದ್ದಾಗ ಎಲೆಕ್ಟ್ರಾನನ್ನು ಸುಲಭವಾಗಿ ಹೊರಹಾಕಬೇಕಾದ ದ್ಯುತಿಕೋಶಗಳಿಗೆ ಮಾತ್ರ ಪಠ್ಯದ ಬಾಣ ತೋರಿಸುವ ಸೀಸಿಯಂ ಸರಿಯಾದ ಆಯ್ಕೆ.

ಬಾಣದ ತುದಿಯಲ್ಲಿರುವ ಫ್ರಾನ್ಸಿಯಂ ವಿಚಾರ ಉಳಿದಿದೆ. ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯಲ್ಲಿ ಮಾರ್ಗರೀತ್ ಪೆರೆ 1939ರಲ್ಲಿ ಆಕ್ಟಿನಿಯಂನ ವಿಕಿರಣವನ್ನು ಪರಿಶೀಲಿಸುವಾಗ ಇದನ್ನು ಕಂಡುಹಿಡಿದಳು. ಅದರ ಅತ್ಯಂತ ದೀರ್ಘಾಯುವಾದ ರೂಪದ ಅರ್ಧಾಯುವೂ 22 ನಿಮಿಷ. ತೂಗಿ ನೋಡಬಹುದಾದಷ್ಟು ಫ್ರಾನ್ಸಿಯಂ ಅನ್ನು ಯಾರೂ ಒಟ್ಟುಗೂಡಿಸಿಲ್ಲ, ಆದ್ದರಿಂದ ಅದನ್ನು ನೀರಿಗೆ ಹಾಕಿ ನೋಡಿದವರೂ ಇಲ್ಲ. ಹಾಗಿದ್ದೂ ಅತ್ಯಂತ ಕ್ರಿಯಾಶೀಲ ಲೋಹ ಯಾವುದು ಎಂಬ ಪ್ರಶ್ನೆಗೆ ಫ್ರಾನ್ಸಿಯಂ ಎಂದು ಅಚ್ಚುಹಾಕುವ ಕೈಪಿಡಿಗಳಿಗೆ ಕೊರತೆಯಿಲ್ಲ. ಅದರ ಅಯಾನೀಕರಣ ಶಕ್ತಿಯನ್ನು ಲೇಸರ್ ಬಳಸಿ ಅಳೆದಿದ್ದಾರೆ. ಅದು ಸುಮಾರು 393 ಕಿಲೋಜೂಲ್, ಅಂದರೆ ಸೀಸಿಯಂನ 376ಕ್ಕಿಂತ ಹೆಚ್ಚು. ಬೀಜಕೇಂದ್ರದ ವಿದ್ಯುದಂಶ 87ಕ್ಕೆ ಏರಿದಾಗ ಅತ್ಯಂತ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಶೇಕಡ 60ನ್ನು ಮೀರುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಬೀಜಕೇಂದ್ರದ ಬಳಿ ಸುಳಿಯುವ ಇಂಥ ಎಲೆಕ್ಟ್ರಾನುಗಳ ಕಕ್ಷಕಗಳು ಕುಗ್ಗುತ್ತವೆ, ಬೀಜಕೇಂದ್ರದವರೆಗೂ ಹಾದುಹೋಗುವ ಸ್ವಭಾವದ ಹೊರಗಿನ ಒಂಟಿ ಎಲೆಕ್ಟ್ರಾನಿನ ಕಕ್ಷಕವೂ ಅದರೊಡನೆ ಒಳಕ್ಕೆ ಸರಿದು ಬಿಗಿಯಾಗುತ್ತದೆ. ಹೀಗಾಗಿ ಗುಂಪಿನ ಉದ್ದಕ್ಕೂ ಎಳೆದ ಬಾಣವನ್ನು ಸೀಸಿಯಂನಲ್ಲೇ ನಿಲ್ಲಿಸುವುದು ಸರಿಯಾದೀತು. ಇನ್ನೂ ಯಾರೂ ಸೃಷ್ಟಿಸಿಲ್ಲದ 119ನೆಯ ಧಾತು ಫ್ರಾನ್ಸಿಯಂನ ಕೆಳಗೆ ಬಂದು ಸೇರಬೇಕಾದದ್ದು. ಅದರ ಅಯಾನೀಕರಣ ಶಕ್ತಿ ಸುಮಾರು 463 ಕಿಲೋಜೂಲ್ ಇರಬೇಕೆಂದು ಲೆಕ್ಕಾಚಾರಗಳು ಹೇಳುತ್ತವೆ, ಎಂದರೆ ಆ ಅಂಕಿಯ ಸ್ಥಾನ ಗುಂಪಿನ ಮೇಲ್ಭಾಗದಲ್ಲಿ, ಸೋಡಿಯಂಗೂ ಪೊಟ್ಯಾಸಿಯಂಗೂ ನಡುವೆ.